ಅಕ್ಟೋಬರ್ ಮುಗಿಯುವವರೆಗೂ ಬೇಸಿಗೆ

ನನ್ನ ಗಂಡ ಲೋಟಾರನ ಲೆಕ್ಕದಲ್ಲಿ ಬೇಸಿಗೆ ಮುಗಿಯುವುದು ಅಕ್ಟೋಬರ್ ಮೂವತ್ತೊಂದಕ್ಕೆ. ಅದನ್ನು ಅವನು ಆಕಾಶ ನೋಡಿ ಹೇಳುವುದಿಲ್ಲ, ತನ್ನ ಹಸಿರು ಕಾರಿನ ನಂಬರ್ ಪ್ಲೇಟ್ ನೋಡಿ ಹೇಳುತ್ತಾನೆ. ಎರಡು ಸೀಟಿನ, ನೆಲಕ್ಕೆ ಅಂಟಿದಂತೆ ಓಡುವ ಇಂಥ ಕಾರುಗಳಿಗೆ ನಮ್ಮಲ್ಲಿ ವರ್ಷವಿಡೀ ರಸ್ತೆಯ ಪರವಾನಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಪ್ಲೇಟಿನ ಅಂಚಿನಲ್ಲಿ ಮೇಲೆ ನಾಲ್ಕು, ಕೆಳಗೆ ಹತ್ತು ಎಂದು ಓಡಿಸಬಹುದಾದ ಮೊದಲ, ಕೊನೆಯ ತಿಂಗಳುಗಳನ್ನು ಒತ್ತಿರುತ್ತಾರೆ. ನವೆಂಬರ್ ಮೊದಲ ದಿನ ಅದು ಬೀದಿಯಲ್ಲಿ ಸುಮ್ಮನೆ ನಿಂತಿದ್ದರೂ ದಂಡ. ಹಾಗಾಗಿ ಈ ಕಾರಿಗೆ ಚಳಿಗಾಲದ ಟೈರು ಎನ್ನುವುದೇ ಇಲ್ಲ. ದಿನಸಿ ತರುವ ಕಾರಿಗೆ ಅಕ್ಟೋಬರ್ ಹುಟ್ಟುತ್ತಲೇ ಟೈರು ಬದಲಿಸಲು ಸಾಲು ನಿಲ್ಲುವ ಅದೇ ಗಂಡಸರು, ಇದನ್ನು ಮಾತ್ರ ಕೊನೆಯ ದಿನದವರೆಗೂ ಬೇಸಿಗೆ ಟೈರಿನಲ್ಲೇ ಓಡಿಸುತ್ತಾರೆ. ಪ್ಲೇಟ್ ಹೇಳಿದ ಮೇಲೆ ಮುಗಿಯಿತು, ಚಳಿ ಏನು ಹೇಳುತ್ತದೆ ಎಂದು ಯಾರೂ ಕೇಳುವುದಿಲ್ಲ.

ಈ ವರ್ಷ ಏಪ್ರಿಲಿನಲ್ಲಿ ಲೋಟಾರ್ ಅದಕ್ಕೆ ಹೊಸ ಟೈರು ಹಾಕಿಸಿದ. ಅಗಲವಾದ, ಮೆತ್ತನೆಯ ರಬ್ಬರಿನ, ರೇಸಿನವರು ಇಷ್ಟಪಡುವಂಥ ಟೈರು. ಅದೇ ವಾರ ಅವನಿಗೆ ಲಕ್ವ ಹೊಡೆಯಿತು, ಎಡಭಾಗಕ್ಕೆ. ಮಾತು ಬೇಗ ಮರಳಿತು. ಕಾಲೂ ಪರವಾಗಿಲ್ಲ, ಕೋಲೂರಿ ನಡೆಯುತ್ತಾನೆ. ಎಡಗೈ ಮಾತ್ರ ಬರಲಿಲ್ಲ. ಡಾಕ್ಟರು ಕಾರು ಓಡಿಸಬಾರದು ಅಂದರು. 'ಸದ್ಯಕ್ಕೆ' ಎನ್ನುವುದನ್ನು ಲೋಟಾರ್ ತಾನೇ ಸೇರಿಸಿಕೊಂಡ. ಬೇಸಿಗೆಯುದ್ದಕ್ಕೂ ಮಧ್ಯಾಹ್ನ ಮನೆಯ ಗ್ಯಾರೇಜಿಗೆ ಹೋಗಿ ಆ ಕಾರಿನಲ್ಲಿ ಕೂತು ಬರುತ್ತಿದ್ದ. ನಾನು ಅವನಿಗೆ ಸ್ನಾನ ಮಾಡಿಸಿ, ಗುಂಡಿ ಹಾಕಿ, ಆ ಕೈಯನ್ನು ತಿಕ್ಕಿ, ಬೆರಳು ಮಡಚಿ ಬಿಡಿಸಿ, ಸಂಜೆಯ ಹೊತ್ತಿಗೆ ನಿಂತಲ್ಲೇ ನಿದ್ದೆ ಮಾಡುವಂತಾಗುತ್ತಿದ್ದೆ. ಅವನ ಮೇಲೆ ಕೋಪ ಮಾಡಿಕೊಳ್ಳಲೂ ಶಕ್ತಿ ಬೇಕಲ್ಲ.

ಅಕ್ಟೋಬರಿನ ಕೊನೆಯ ದಿನ ಇಂಥ ಕಾರುಗಳಿರುವ ಅವನ ಗೆಳೆಯರೆಲ್ಲ ಆಲ್ಬ್ ಬೆಟ್ಟ ಹತ್ತಿ, ಮೇಲಿನ ಹೋಟೆಲಿನಲ್ಲಿ ಬೇಳೆ ಸಾರು, ಸ್ಪೆಟ್ಸ್ಲೆ ಎನ್ನುವ ದಪ್ಪ ಶಾವಿಗೆ ತಿಂದು ಬರುವುದು ಪದ್ಧತಿ. ಕೊನೆ ಓಟ ಅನ್ನುತ್ತಾರೆ. ಅವತ್ತು ಬೆಳಿಗ್ಗೆ ಲೋಟಾರ್ ಚರ್ಮದ ಜಾಕೆಟ್ಟಿನ ಒಂದೇ ತೋಳು ಹಾಕಿಕೊಂಡು ತಿಂಡಿಗೆ ಬಂದ.

"ಹತ್ತಕ್ಕೆ ಹೊರಡ್ತೀನಿ ಗುಡ್ರುನ್," ಅಂದ.

"ಯಾರ ಜೊತೆ?"

"ನನ್ನ ಜೊತೆ ನಾನೇ."

ಕಿಟಕಿಯ ಹೊರಗೆ ತೂಗುಹಾಕಿದ್ದ ಥರ್ಮಾಮೀಟರ್ ನೋಡಿದೆ. "ಮೂರು ಡಿಗ್ರಿ ಇದೆ. ಆ ಟೈರು ಈ ಚಳೀಲಿ ಮರದ ಚಕ್ರ ಆಗಿರುತ್ತೆ."

"ಹಿಮ ಬಿದ್ದಿದ್ಯಾ? ಇಲ್ಲ. ಒಣ ರಸ್ತೆ. ಬಿಸಿಲಿದೆ. ಟೈರಿಗೆ ಥರ್ಮಾಮೀಟರ್ ಓದೋಕೆ ಬರಲ್ಲ ಕಣೇ."

"ಏಳು ಡಿಗ್ರಿಗಿಂತ ಕೆಳಗೆ ಹೋದ್ರೆ ಬೇಸಿಗೆ ರಬ್ಬರು ಗಟ್ಟಿ ಆಗುತ್ತೆ, ಹಿಡಿತ ಬಿಡುತ್ತೆ ಅಂತ ಹೇಳ್ಕೊಟ್ಟಿದ್ದೇ ನೀನು."

"ಅದು ನಿನ್ನ ತರಕಾರಿ ಕಾರಿಗೆ ಹೇಳಿದ್ದು."

ನನ್ನ ಭಯ ಬರೀ ಟೈರಿನದಲ್ಲ. ಸ್ಟಿಯರಿಂಗ್ ಎಡಬದಿಗಿರುವ ಆ ಕಾರಿನಲ್ಲಿ ಬಲಗೈ ಗೇರಿಗೆ ಬೇಕು, ಎಡಗೈ ಸ್ಟಿಯರಿಂಗಿಗೆ ಬೇಕು. ಇವನಿಗೆ ಇರುವುದು ಒಂದು. ತಾನು ಸಾಯಬಹುದು, ಇನ್ಯಾರನ್ನೋ ಸಾಯಿಸಬಹುದು. ಬೇಡ ಅಂದರೆ ನಾನು ಬಚ್ಚಲಿಗೆ ಹೋದ ಹೊತ್ತು ನೋಡಿ ಹೊರಟುಬಿಡುತ್ತಾನೆ, ಅವನ ಹಟ ನನಗೆ ಗೊತ್ತು. ಮಗಳಿಗೆ ಫೋನ್ ಮಾಡಿದರೆ "ಅಪ್ಪನಿಗೆ ತಿಳಿಸಿ ಹೇಳಮ್ಮ" ಅನ್ನುತ್ತಾಳೆ. ತಿಳಿಸಿ ಹೇಳಿ ಹೇಳಿಯೇ ನನ್ನ ಗಂಟಲು ಬತ್ತಿದ್ದು.

"ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ," ಅಂದೆ.

ಮದುವೆಯಾದಾಗಿನಿಂದ ಆ ಕಾರಿನ ಸ್ಟಿಯರಿಂಗ್ ನನಗೆ ಸಿಕ್ಕಿರಲಿಲ್ಲ. ಅವನು ನನ್ನ ಕೈಯಿಂದ ಬ್ರೆಡ್ಡಿಗೆ ಬೆಣ್ಣೆ ಸವರಿಸಿಕೊಂಡು ಒಂದು ತುಂಡು ಕಚ್ಚಿದ.

"ಹತ್ತೋವಾಗ ನೀನು. ಮೇಲೆ ಬಯಲಲ್ಲಿ ನಾನು. ಅಲ್ಲಿ ರಸ್ತೆ ನೇರ ಇದೆ, ಎಗೋನ್, ಗೆಳೆಯರು ಎಲ್ಲ ಇರ್ತಾರೆ. ಮಾತು ಕೊಡು."

ಕೊಟ್ಟೆ. ಮೇಲೆ ಹೋದ ಮೇಲೆ ಹೇಗೆ ತಡೆಯುವುದು, ಅದೂ ಅವನ ಗೆಳೆಯರ ಎದುರಿಗೆ, ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಊರು ದಾಟುವವರೆಗೆ ಕಾರು ಗಡಗಡ ಅನ್ನುತ್ತಲೇ ಇತ್ತು. ರಬ್ಬರಿನ ಸದ್ದೇ ಅಲ್ಲ ಅದು. ಪ್ರತಿ ತಿರುವಿನಲ್ಲೂ ಚಕ್ರ ನನ್ನ ಮಾತನ್ನು ಒಂದು ಗಳಿಗೆ ತಡವಾಗಿ ಕೇಳುತ್ತಿತ್ತು. ನಾನು ಸೈಕಲ್ಲಿನ ವೇಗದಲ್ಲಿ ಹೋಗುತ್ತಿದ್ದೆ. ಬ್ರೆಡ್ಡು ಸಾಗಿಸುವ ವ್ಯಾನ್ ಒಂದು ಹಾರನ್ ಹೊಡೆದು ಮುಂದೆ ಹೋಯಿತು.

"ಸ್ವಲ್ಪ ತುಳಿ. ಓಡಿದ್ರೆ ಟೈರು ಬಿಸಿ ಆಗುತ್ತೆ," ಅಂದ ಲೋಟಾರ್.

"ಈ ಚಳೀಲಿ ಎಲ್ಲಿ ಬಿಸಿ ಆಗುತ್ತೆ?"

"ಬ್ರೆಡ್ಡಿನ ಗಾಡಿಯವನು ನಮ್ಮನ್ನ ಹಿಂದೆ ಹಾಕಿದ. ಇದನ್ನ ನೋಡೋಕೆ ನಾನು ಬದುಕಿ ಉಳಿದ್ನಾ?"

"ಅವನ ಗಾಡಿಗೆ ಚಳಿಗಾಲದ ಟೈರಿದೆ."

"ನೀನು ಹೋಗೋ ವೇಗ ನೋಡಿದ್ರೆ ಪ್ಲೇಟಿನ ಅವಧಿ ದಾರೀಲೇ ಮುಗಿಯುತ್ತೆ."

"ಮುಗೀಲಿ ಬಿಡು, ಅಲ್ಲೇ ನಿಲ್ಲಿಸಿ ನಡ್ಕೊಂಡು ಹೋಗೋಣ."

ಅವನಿಗೆ ನಗು ಬಂತು. ಬಹಳ ದಿನದ ಮೇಲೆ ಅವನು ನಕ್ಕಿದ್ದು. ಇಷ್ಟಕ್ಕಾದರೂ ಬಂದದ್ದು ಒಳ್ಳೆಯದಾಯಿತು ಅಂದುಕೊಂಡೆ.

ಘಾಟಿ ಶುರುವಾದ ಮೇಲೆ ಬಿಸಿಲು ಹಿಂದೆ ಉಳಿಯಿತು. ಬೀಚ್ ಮರಗಳ ಕಾಡು, ನೆರಳು, ಇನ್ನೂ ಆರದ ರಸ್ತೆ, ಅದರ ಮೇಲೆ ಒದ್ದೆ ಎಲೆ. ಒಂದು ತೀಕ್ಷ್ಣವಾದ ತಿರುವಿನಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತು. ಎಂಜಿನ್ ಹಿಂದಿರುವ ಕಾರು. ಹಿಂಭಾಗ ತನ್ನಷ್ಟಕ್ಕೆ ತಾನು ಮುಂದೆ ಬರಲು ಹೊರಟಿತು. ನಾನು ಹೆದರಿ ಬ್ರೇಕ್ ತುಳಿದೆ. ಲೋಟಾರ್ "ಬ್ರೇಕ್ ಬಿಡು, ಬಿಡು" ಅನ್ನುತ್ತಿದ್ದ. ಮರಗಳು ಪಕ್ಕಕ್ಕೆ ಸರಿದು ಹೋದವು. ಎದುರಿನ ದಾರಿಗೆ ಅಡ್ಡ ಜಾರಿ, ಕಾಡಿಗೆ ಮುಖ ಮಾಡಿ ಕಾರು ನಿಂತಿತು. ಎಂಜಿನ್ ಆಫ್ ಆಗಿತ್ತು. ಎದುರಿನಿಂದ ಯಾರೂ ಬರಲಿಲ್ಲ, ಅದು ನಮ್ಮ ಪುಣ್ಯ.

ಏಟಾಯಿತಾ ಎಂದು ಕೇಳಲು ಅವನ ಕಡೆ ತಿರುಗಿದೆ. ಸ್ಟಿಯರಿಂಗ್ ಹಿಡಿದುಕೊಳ್ಳಲು ಅವನು ಇಡೀ ಮೈಯನ್ನು ನನ್ನ ಕಡೆ ಚಾಚಿದ್ದ. ಭುಜ ಬಂದಿತ್ತು, ಕತ್ತು ಬಂದಿತ್ತು. ನನ್ನ ಪಕ್ಕದ ಕೈ, ಹಿಡಿಯಬೇಕಾಗಿದ್ದ ಕೈ, ತೊಡೆಯ ಮೇಲೆ ಇದ್ದ ಹಾಗೇ ಇತ್ತು. ಅವನು ಅದನ್ನೇ ನೋಡುತ್ತಿದ್ದ. ಏಳು ತಿಂಗಳು ನಾನು ತಿಕ್ಕಿದ, ತೊಳೆದ ಕೈ. ಅವನು ಅದನ್ನು ನಿಜವಾಗಿ ನೋಡಿದ್ದು ಆಗಲೇ ಅನ್ನಿಸುತ್ತದೆ. ಬಲಗೈಯಿಂದ ಅದನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ.

"ರಸ್ತೆ ಮಧ್ಯೆ ಇದ್ದೀವಿ. ಸ್ಟಾರ್ಟ್ ಮಾಡು," ಅಂದ.

ಹೋಟೆಲಿನ ಮುಂದೆ ಕಾರುಗಳು ಸಾಲಾಗಿ ನಿಂತಿದ್ದವು. ಗಂಡಸರು ಕೈ ಉಜ್ಜಿಕೊಳ್ಳುತ್ತ, ಬಾಯಿಂದ ಹಬೆ ಬಿಡುತ್ತ ಹರಟುತ್ತಿದ್ದರು. ಎಗೋನ್ ಎಲ್ಲರಿಗಿಂತ ಮೊದಲು ಓಡಿ ಬಂದ. ಶಾಲೆಯ ದಿನಗಳಿಂದ ಲೋಟಾರನ ಜೊತೆಗಿರುವವನು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ದೊಡ್ಡದು.

"ಡ್ರೈವರ್ ಇಟ್ಕೊಂಡಿದ್ದೀಯೇನೋ? ದೊಡ್ಡ ಮನುಷ್ಯ ಆಗ್ಬಿಟ್ಟೆ."

"ಊಟ ಹಾಕ್ತೀನಿ, ಸಂಬಳ ಇಲ್ಲ," ಅಂದ ಲೋಟಾರ್.

"ಅದಕ್ಕೇ ಆಮೆ ಥರ ಬಂದಿದ್ದು." ಎಗೋನ್ ನನ್ನ ಕಡೆಯ ಬಾಗಿಲು ತೆಗೆದ. "ಇಳೀ ಗುಡ್ರುನ್. ಇನ್ನು ಇವನ ಸರದಿ. ಬಯಲು ರಸ್ತೆ, ಒಂದು ಸುತ್ತು ಹೋಗ್ಬರ್ಲಿ. ಗೇರು ನಾನು ಹಾಕ್ತೀನಿ."

ಗೇರು ಅವನು ಹಾಕುತ್ತಾನಂತೆ. ಇಬ್ಬರೂ ಫೋನಿನಲ್ಲಿ ಮೊದಲೇ ಮಾತಾಡಿಕೊಂಡಿದ್ದರು, ನನಗೆ ಆಗ ಗೊತ್ತಾಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಡಾಕ್ಟರು ಬೇಡ ಅಂದಿದ್ದಾರೆ, ಇವನ ಕೈ ಬರುವುದಿಲ್ಲ, ಎಂದೂ ಬರುವುದಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಬೇಕಿತ್ತು. ಹೇಳಿದರೆ ಲೋಟಾರ್ ನನ್ನನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ. ಆದರೂ ಹೇಳಲೆಂದೇ ಬಾಯಿ ತೆರೆದೆ.

"ಬೇಡ ಕಣೋ," ಅಂದ ಲೋಟಾರ್.

"ಏನು ಬೇಡ?"

"ಟೈರು ತಣ್ಣಗಿದೆ. ಬೇಸಿಗೆ ಟೈರು, ಏಳು ಡಿಗ್ರಿಗಿಂತ ಕೆಳಗೆ ರಬ್ಬರು ಕಲ್ಲಾಗುತ್ತೆ. ಇದರಲ್ಲಿ ಬುದ್ಧಿ ಇರೋರು ಯಾರೂ ಓಡಿಸಲ್ಲ."

"ನಾವೆಲ್ಲ ಓಡಿಸ್ಕೊಂಡೇ ಬಂದ್ವಲ್ಲೋ."

"ನಿಮಗೆ ಯಾವಾಗ ಬುದ್ಧಿ ಇತ್ತು?"

ಎಲ್ಲರೂ ನಕ್ಕರು. ಲೋಟಾರ್ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದ. ಅಂಥ ಕಣ್ಣಿನಿಂದ ಅವನು ಹಿಂದೆಂದೂ ನನ್ನನ್ನು ಏನನ್ನೂ ಬೇಡಿದ್ದಿಲ್ಲ. "ಬೇಕಾದ್ರೆ ಇವಳನ್ನ ಕೇಳು. ಕೆಳಗೆ ತಿರುವಲ್ಲಿ ಜಾರಿಬಿಡ್ತು."

"ಹೌದು," ಅಂದೆ. "ಟೈರಿಂದಾನೇ. ಇಲ್ಲಾಂದ್ರೆ ಇವನೇ ಓಡಿಸ್ತಿದ್ದ."

"ಹಾಗಾದ್ರೆ ಏಪ್ರಿಲಿಗೆ," ಅಂದ ಎಗೋನ್. "ಬೆಚ್ಚಗಾಗ್ಲಿ."

"ಏಪ್ರಿಲಿಗೆ," ಅಂದ ಲೋಟಾರ್.

ಬೇಳೆ ಸಾರು ಚೆನ್ನಾಗಿತ್ತು. ಅವನ ಸಾಸೇಜನ್ನು ನಾನು ತುಂಡು ಮಾಡಿಕೊಟ್ಟೆ, ಗೆಳೆಯರು ನೋಡದವರಂತೆ ಮಾತಾಡಿಕೊಂಡರು. ಕೆಳಗಿಳಿಯಲು ನನ್ನಲ್ಲಿ ಧೈರ್ಯ ಉಳಿದಿರಲಿಲ್ಲ. ಕಾರು ಹೇರುವ ಲಾರಿಗೆ ಫೋನ್ ಮಾಡಿದೆ. ಲೋಟಾರ್ ಒಂದು ಮಾತೂ ಅಡ್ಡ ಹೇಳಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಲಾರಿಯ ಮುಂದಿನ ಸೀಟಿನಲ್ಲಿ ಡ್ರೈವರ್ ಮತ್ತು ಲೋಟಾರನ ನಡುವೆ ನಾನು ಕೂತೆ. ಹಸಿರು ಕಾರು ಹಿಂದೆ ಸರಪಳಿ ಹಾಕಿಸಿಕೊಂಡು ಕೂತಿತ್ತು. ಘಾಟಿಯ ಆ ತಿರುವು ದಾಟಿದ ಮೇಲೆ ಲೋಟಾರ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ.

"ಅದನ್ನ ಮಾರಿಬಿಡು."

ಈ ಮಾತಿಗಾಗಿ ನಾನು ಬೇಸಿಗೆಯಿಡೀ ಕಾದಿದ್ದೆ. ಈಗ ಬಂದರೂ ಗೆದ್ದೆ ಅನ್ನಿಸಲಿಲ್ಲ. ಸುಸ್ತು ಇನ್ನಷ್ಟು ಕೆಳಗಿಳಿದು ಮೂಳೆಗೆ ತಾಗಿತು, ಅಳು ಬಂತು.

"ಏಪ್ರಿಲಿಗೆ ನೋಡೋಣ," ಅಂದೆ.

"ಬೇಡ, ಈಗ್ಲೇ. ಟೈರು ಹೊಸದು ಅಂತ ಹೇಳು. ಒಂದೇ ಸಲ ಓಡಿದ್ದು."

"ಓಡಿಸಿದ್ದು ಯಾರು ಅಂತ ಕೇಳಿದ್ರೆ?"

"ನಾನು ಅಂತ ಹೇಳು," ಅಂದ. ಸ್ವಲ್ಪ ದೂರ ಹೋದ ಮೇಲೆ, "ಇಲ್ಲ, ನೀನು ಅಂತಾನೇ ಹೇಳು," ಅಂದ.

ಅವನ ಎಡಗೈ ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಬಿದ್ದಿತ್ತು. ಅದನ್ನು ಹಿಡಿದುಕೊಂಡೆ. ಹಿಡಿದದ್ದು ಅವನಿಗೆ ಗೊತ್ತಾಗುತ್ತಿದೆಯೋ ಇಲ್ಲವೋ, ನಾನು ಕೇಳಲಿಲ್ಲ.