ಕೆಂಪು ಉಣ್ಣೆಯ ಗಂಟು

ಬೆಳ್ಳುಳ್ಳಿ ವಾಸನೆ, ಸಾವಿನ ಮನೆಯಲ್ಲೂ ಬಿಡುವುದಿಲ್ಲವಲ್ಲ ಈ ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್ ಊರು, ಕಾಗದದ ಲೋಟದ ಕಾಫಿಗೂ ಮೆತ್ತಿಕೊಂಡಿದೆ ಎಂದುಕೊಳ್ಳುತ್ತ ಶೇಷಗಿರಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದಾನೆ, ಸುತ್ತ ಟೋಪಿ ತೆಗೆದು ಕೈಯಲ್ಲಿ ಹಿಡಿದ ಗಂಡಸರು, ಹಳ್ಳಗಳಲ್ಲಿ ಬೋನು ಒಡ್ಡಿ ನೀರಿಲಿಗಳನ್ನು ಹಿಡಿದು ಅವುಗಳ ತುಪ್ಪಳ ಮಾರುವ ಮಂದಿ, ವೆರ್ನ್‌ನ ಜನ, ಆದರೆ ವೆರ್ನ್ ಇಲ್ಲ — ಹೋದ ಭಾನುವಾರ ಇದ್ದ, ಬೂಟಿನ ಕೆಸರು ಒದರುತ್ತ ನಗುತ್ತಿದ್ದ, ಇವತ್ತು ಶುಕ್ರವಾರ, ಇಲ್ಲ, ಇದೆಂಥ ನ್ಯಾಯ. ಎಂಬತ್ತೊಂದರಲ್ಲಿ ಫ್ರೀವೇ ಪಕ್ಕ ಕಾರು ಕೆಟ್ಟು ನಿಂತಾಗ ಫ್ಯಾನ್‌ಬೆಲ್ಟು ಹಾಕಿಕೊಟ್ಟವನು, ಅವತ್ತು ಏಕಾದಶಿ, ಇವನು ಸ್ಯಾಂಡ್‌ವಿಚ್ಚು ಬೇಡ ಎಂದಿದ್ದಕ್ಕೆ ಅಂದಿನಿಂದ ಎರಡು ವರ್ಷವೂ ಇವತ್ತು ನಿನ್ನ ಉಪವಾಸವಾ ಶೇಷ್ ಎಂದು ಕೇಳಿಯೇ ಡಬ್ಬಿ ತೆರೆಯುತ್ತಿದ್ದವನು, ಹೆಂಡತಿ ರಮಾ ಗೊಣಗುತ್ತಿದ್ದಳು, ಸ್ಯಾನ್ ಹೊಸೇಲಿ ಇಷ್ಟು ಜನ ಕನ್ನಡದೋರಿರುವಾಗ ಆ ಚರ್ಮ ಸುಲಿಯೋನೇ ಬೇಕಿತ್ತಾ ನಿಮಗೆ, ಗರಾಜಿಂದ ಬನ್ನಿ, ಮೊದಲು ಸ್ನಾನ. ಸ್ನಾನ ಮಾಡುತ್ತಿದ್ದ, ಮುಂದಿನ ಭಾನುವಾರ ಮತ್ತೆ ವೆರ್ನ್ ಜೊತೆ ಹಳ್ಳಕ್ಕೆ ಹೊರಡುತ್ತಿದ್ದ, ನೋಡುವುದಷ್ಟೇ, ಮುಟ್ಟುವುದಿಲ್ಲ, ಅದು ಅವನ ಮಡಿ. ಹೋದ ಭಾನುವಾರ ಏನು ಹುಚ್ಚು ಹಿಡಿಯಿತೋ, ನಾನೂ ಒಂದು ಬೋನು ಒಡ್ಡುತ್ತೇನೆ ಅಂದ, ಅದೂ ವೆರ್ನ್ ದಿನಾ ನಡೆದು ನೋಡುವ ಬೋನುಗಳ ಸಾಲಿನಲ್ಲಲ್ಲ, ಹಳ್ಳ ದಾಟಿ ಆಚೆ ದಂಡೆಯಲ್ಲಿ, ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ, ಗುರುತಿನ ಕೋಲಿಗೆ ಕಟ್ಟಿದ್ದು ರಮಾಳ ಹೆಣಿಗೆಬುಟ್ಟಿಯ ಕೆಂಪು ಉಣ್ಣೆ, ಎರಡು ಸುತ್ತು, ಮೇಲೊಂದು ಗಂಟು. ವೆರ್ನ್ ನಗಲಿಲ್ಲ. ಒಡ್ಡಿದವನು ದಿನಾ ಬೆಳಗ್ಗೆ ಹೋಗಿ ನೋಡಬೇಕು, ಸಿಕ್ಕಿದ ಪ್ರಾಣಿಯನ್ನು ಕಾಯಿಸಬಾರದು, ನಮ್ಮಲ್ಲಿ ಅದೇ ಧರ್ಮ, ನಿನಗೆ ಆಫೀಸು, ಹೋಗು, ನಿನ್ನದನ್ನು ನಾನು ನೋಡುತ್ತೇನೆ. ಆ ರಾತ್ರಿ ಇವನಿಗೆ ನಿದ್ದೆ ಎಲ್ಲಿ, ಕಣ್ಣು ಮುಚ್ಚಿದರೆ ಕಬ್ಬಿಣದ ಬಾಯಿ, ಕೆಂಪು ಉಣ್ಣೆ, ಸೋಮವಾರ ಆಫೀಸಿನಿಂದ ಫೋನು ಮಾಡಿದ, ಅದನ್ನ ತೆಗೆದುಬಿಡು ಮಾರಾಯ, ನನ್ನ ಕೈಯಿಂದ ಒಂದು ಜೀವ ಹೋಗೋದು ಬೇಡ. ಆಗಲಿ, ನಾಳೆ ಬೆಳಗ್ಗೆ ತೆಗೀತೀನಿ, ಅಷ್ಟೇ ತಾನೆ.

ನಾಳೆ ಅಂದರೆ ಮಂಗಳವಾರ, ಮಂಗಳವಾರವೇ ಅಲ್ಲವೇ ವೆರ್ನ್ ಹೋದದ್ದು, ಎದೆ ನಿಂತು ಎಂದಷ್ಟೇ ಫೋನಿನಲ್ಲಿ ಹೇಳಿದರು, ಎಲ್ಲಿ ಎಂದು ಇವನೂ ಕೇಳಲಿಲ್ಲ, ಮನೆಯಲ್ಲೇ ಇರಬೇಕು, ಹಾಗಾದರೆ ಬೋನು ಇನ್ನೂ ಅಲ್ಲೇ ಇದೆಯಾ, ಮೂರು ದಿನ, ಅಯ್ಯೋ, ಒಂದು ಜೀವ ಮೂರು ದಿನದಿಂದ — ಏಳಬೇಕು, ಹೋಗಬೇಕು, ಎನ್ನುವಷ್ಟರಲ್ಲಿ ಪಕ್ಕಕ್ಕೆ ಬಂದು ಕೂತವನು ಲಾಯ್ಡ್, ವೆರ್ನ್‌ನ ಜೊತೆಗಾರ, ಹೆಣ ಕಂಡವನೇ ಅವನಂತೆ, ಹೇಳುತ್ತಿದ್ದಾನೆ, ಆಚೆ ದಂಡೆಯಲ್ಲಿ ಬಿದ್ದಿದ್ದ, ಸೊಂಟದವರೆಗೆ ಒದ್ದೆ, ಅಲ್ಲಿ ಅವನದು ಒಂದು ಬೋನೂ ಇಲ್ಲ, ಡಿಸೆಂಬರಿನ ಆ ನೀರಿಗೆ ಯಾಕೆ ಇಳಿದನೋ ದೇವರೇ ಬಲ್ಲ, ಹೆಗಲಲ್ಲಿ ಒಂದು ಬೋನಿತ್ತು, ಖಾಲಿ. ಖಾಲಿ. ಇಲಿ ಉಳಿಯಿತು. ಶೇಷಗಿರಿಯ ಕಾಫಿ ತೊಡೆಯ ಮೇಲೆ ಚೆಲ್ಲುತ್ತಿದೆ, ಸುಡುತ್ತಿದೆಯೋ ಇಲ್ಲವೋ ತಿಳಿಯುತ್ತಿಲ್ಲ, ಇಲಿ ಉಳಿಯಿತು, ನಾನೇ ಕೊಂದೆ, ಫೋನಿನಲ್ಲೇ ಕೊಂದೆ, ಲಾಯ್ಡ್ ಇನ್ನೂ ಏನೋ ಹೇಳುತ್ತಿದ್ದಾನೆ, ಮುಷ್ಟಿಯಲ್ಲಿ ಇದೊಂದಿತ್ತು, ಬಿಡಿಸೋಕೆ ಕಷ್ಟವಾಯ್ತು, ನಿಮಗೇನಾದರೂ ಗೊತ್ತಾ ಇದು ಏನಂತ, ಕೈ ಚಾಚಿದ್ದಾನೆ, ಗೊತ್ತು ಎನ್ನಬೇಕು, ಲಾಯ್ಡ್‌ನ ಅಂಗೈ, ಅಂಗೈಯಲ್ಲಿ ಕೆಂಪು ಉಣ್ಣೆ, ಎರಡು ಸುತ್ತು, ಕೆಂಪು ಉಣ್ಣೆ, ಮೇಲೊಂದು ಗಂಟು —