ಎರಡನೇ ಭಾಗಕ್ಕೆ ಕಾದವರು

ಅಕ್ಕನ ಕೋಣೆಯಲ್ಲಿ ಒಂದು ಮಂಚ ಇದೆ ಎಂಬುದನ್ನು ಮನೆಯವರು ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದರು. ಕಣ್ಣಾರೆ ಕಂಡು ವರ್ಷಗಳಾಗಿದ್ದವು. ಮಂಚದ ಮೇಲೆ ಪುಸ್ತಕ, ಕೆಳಗೆ ಪುಸ್ತಕ, ಕಿಟಕಿಯ ಕಟ್ಟೆಯ ಮೇಲೆ, ಹೊಲಿಗೆ ಯಂತ್ರದ ಮೇಲೆ ಪುಸ್ತಕ. ಅಕ್ಕ ಮಲಗುತ್ತಿದ್ದುದು ಗೋಡೆಗೂ ರಾಶಿಗೂ ನಡುವೆ ಉಳಿದ ಜಾಗದಲ್ಲಿ, ಮಗ್ಗುಲು ಬದಲಿಸಬೇಕಾದರೆ ಎದ್ದು ಕೂತು ಬದಲಿಸಬೇಕು.

ಅವೆಲ್ಲ ಬರೆದವರೇ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಕಾದಂಬರಿಗಳು. ಅಕ್ಕ ಹಗಲು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು; ಉಳಿದ ಹೊತ್ತಿನಲ್ಲಿ ವಾರಪತ್ರಿಕೆಯೊಂದಕ್ಕೆ ಇಂಥ ಪುಸ್ತಕಗಳ ವಿಮರ್ಶೆ ಬರೆಯುತ್ತಿದ್ದಳು. ದೊಡ್ಡ ಪ್ರಕಾಶಕರ ಪುಸ್ತಕಗಳಿಗೆ ಪ್ರೊಫೆಸರರಿದ್ದರು. ಹೇಳುವವರು ಕೇಳುವವರು ಇಲ್ಲದ ಪುಸ್ತಕಗಳಿಗೆ ಅಕ್ಕ ಇದ್ದಳು. ಅವಳು ಒಂದು ಓದಿ ಬರೆಯುವಷ್ಟರಲ್ಲಿ ಅಂಚೆಯವನು ಒಂದು ತೆಕ್ಕೆ ತಂದು ಹಾಕುತ್ತಿದ್ದ. ಹೊಳೆಯನ್ನು ಚಮಚದಲ್ಲಿ ಮೊಗೆಯುವ ಕೆಲಸ.

“ನಮ್ಮಕ್ಕ ಹೆರಿಗೆ ಆಸ್ಪತ್ರೆ ಇಟ್ಟಿದಾಳೆ,” ಎನ್ನುತ್ತಿದ್ದ ತಮ್ಮ, ಮನೆಗೆ ಬಂದವರಿಗೆಲ್ಲ. “ಊರಲ್ಲಿ ಹುಟ್ಟಿದ್ದೆಲ್ಲ ಇಲ್ಲಿಗೇ ಬರುತ್ತೆ. ಡಿಸ್ಚಾರ್ಜ್ ಮಾತ್ರ ಮಾಡಲ್ಲ.”

ತಮ್ಮನ ಹೆಂಡತಿ ಅಷ್ಟು ಸುತ್ತಿ ಬಳಸಿ ಮಾತಾಡುವವಳಲ್ಲ. “ಅತ್ತಿಗೆ, ಮುಂದಿನ ತಿಂಗಳಿಂದ ನಮ್ಮಮ್ಮ ಇಲ್ಲೇ ಇರ್ತಾರೆ. ನಿಮ್ಮ ಕೋಣೇಲೇ. ಅವರು ಪುಸ್ತಕದ ಮೇಲೆ ಮಲಗಬೇಕೋ ಕೆಳಗೋ, ಅದೊಂದು ಹೇಳ್ಬಿಡಿ, ಅದೇ ಲೆಕ್ಕಕ್ಕೆ ಚಾದರ ತೆಗೆದಿಡ್ತೀನಿ.”

“ಓದಿ ಮುಗಿಸ್ತೀನಿ ಕಣಮ್ಮ.”

“ಹೋದ ವರ್ಷಾನೂ ಇದನ್ನೇ ಹೇಳಿದ್ರಿ. ಆಗ ಮೊಣಕಾಲಿಗಿತ್ತು. ಈಗ ಸೊಂಟಕ್ಕೆ ಬಂದಿದೆ. ಕುತ್ತಿಗೆಗೆ ಬರೋವರೆಗೂ ಕಾಯೋದಾ?”

ಬಂದ ಪುಸ್ತಕವನ್ನು ಬೇಡ ಎನ್ನಲು ಅಕ್ಕನಿಗೆ ಆಗದಿದ್ದುದಕ್ಕೆ ಕಾರಣವಿತ್ತು. ಅದು ದಯೆ ಎಂದು ಬರೆಯುವವರು ತಿಳಿದಿದ್ದರು. ದಯೆ ಅಲ್ಲ.

ಹದಿನಾಲ್ಕು ವರ್ಷದ ಕೆಳಗೆ ಅಕ್ಕ ಗಂಡನ ಮನೆಯಿಂದ ಒಂದು ಸೂಟ್‌ಕೇಸು ಹಿಡಿದು ಬಂದಿದ್ದಳು. ಯಾರೂ ಏನೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ತವರಿನವರು ಪಳಗಿದವರು. ಆ ವಾರ ರಸ್ತೆ ಬದಿಯಲ್ಲಿ ಸಿಕ್ಕಿದ ಒಂದು ಕಾದಂಬರಿಯನ್ನು ತಮ್ಮ ತಂದು ಅವಳ ಪಕ್ಕ ಇಟ್ಟು ಹೋದ. ಹೊಳೆ ದಾಟಿಸುವ ದೋಣಿಗೆ ಟಿಕೆಟ್ ಕೊಡುವ ಹೆಂಗಸಿನ ಕತೆ. ಪುಸ್ತಕದುದ್ದಕ್ಕೂ ಆಕೆ ಕಿಟಕಿಯ ಹಿಂದೆ ಕೂತು ಮಂದಿಯನ್ನು ಆಚೆ ದಡಕ್ಕೆ ಕಳಿಸುತ್ತಾಳೆ. ಕೊನೆಯ ಪುಟದಲ್ಲಿ ಕಿಟಕಿ ಮುಚ್ಚಿ, ತನಗೇ ಒಂದು ಟಿಕೆಟ್ ಹರಿದುಕೊಂಡು, ದೋಣಿ ಹತ್ತುತ್ತಾಳೆ. ಕೆಳಗೆ ಸಣ್ಣ ಅಕ್ಷರದಲ್ಲಿ: ಮೊದಲ ಭಾಗ ಮುಗಿಯಿತು.

ಬರೆದವರ ಹೆಸರಿನ ಜಾಗದಲ್ಲಿ ‘ಪ್ರಯಾಣಿಕ’ ಎಂದಷ್ಟೇ ಇತ್ತು. ಅಚ್ಚು ಹಾಕಿದ ಪ್ರೆಸ್ಸನ್ನು ಹುಡುಕಿಕೊಂಡು ಹೋದರೆ ಅಲ್ಲಿ ಟೈರ್ ಅಂಗಡಿ. ಅಕ್ಕ ತನ್ನ ಮೊದಲ ವಿಮರ್ಶೆ ಬರೆದದ್ದು ಆ ಪುಸ್ತಕಕ್ಕೆ. ಅದರ ಕೊನೆಯ ಸಾಲು, ‘ಎರಡನೇ ಭಾಗ ಯಾವಾಗ?’ ದೋಣಿ ಹತ್ತುವವರೆಗಿನ ಕತೆ ಯಾರು ಬೇಕಾದರೂ ಹೇಳಿಯಾರು. ಹತ್ತಿದವಳು ಆಮೇಲೆ ಹೇಗೆ ದಿನ ದೂಡುತ್ತಾಳೆ ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಳುತ್ತೇನೆಂದು ಮಾತು ಕೊಟ್ಟದ್ದು ಅದೊಂದು ಪುಸ್ತಕ, ಅದೂ ಬಾಯಿ ಮುಚ್ಚಿಕೊಂಡಿತು.

ಆಮೇಲಿನ ವರ್ಷಗಳಲ್ಲಿ ಯಾವ ಪೊಟ್ಟಣ ಬಿಚ್ಚಿದರೂ ಅಕ್ಕ ಮೊದಲ ಹತ್ತು ಪುಟವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಹೆಸರು ಬದಲಾಗಿರಬಹುದು, ದನಿ ಬದಲಾಗದು. ಅಳಬೇಕಾದ ಕಡೆ ಆ ಮನುಷ್ಯ ಒಂದು ಸಣ್ಣ ತಮಾಷೆ ಮಾಡಿ, ಏನೂ ಆಗಲಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಗುತ್ತಿದ್ದ. ಆ ದನಿ ಅಲ್ಲವೆಂದು ಗೊತ್ತಾದರೆ ಪುಸ್ತಕ ‘ಆಮೇಲೆ ಓದುವ’ ರಾಶಿಗೆ. ವಾರಕ್ಕೊಂದನ್ನು ಮಾತ್ರ ಪೂರ್ತಿ ಓದಿ, ಮೋಸವಿಲ್ಲದೆ ಬರೆಯುತ್ತಿದ್ದಳು. ಆದರೆ ಯಾವುದರ ಬಗ್ಗೆ ಬರೆದರೂ ಎಲ್ಲೋ ಒಂದು ಕಡೆ ಆ ಟಿಕೆಟ್ ಕಿಟಕಿ ಬಂದೇ ಬರುತ್ತಿತ್ತು. ಮೊದಲ ಹೆಂಡತಿಯ ಅಡುಗೆಯನ್ನು ಎರಡನೆಯವಳ ಮುಂದೆ ಹೊಗಳುವ ಗಂಡಸಿನ ಹಾಗೆ.

ಈಗ ಚಾದರದ ಮಾತು ಬಂದಮೇಲೆ ಅಕ್ಕ ಟೊಂಕ ಕಟ್ಟಿ ನಿಂತಳು. ಬಸ್ಸಿನಲ್ಲಿ ಓದಿದಳು, ಊಟ ಮಾಡುತ್ತ ಓದಿದಳು. ಕೊಲೆಗಾರನ ಹೆಸರು ನಡುವೆ ಬದಲಾಗಿಹೋದ ಪತ್ತೇದಾರಿ ಕಾದಂಬರಿ ಓದಿದಳು. ‘ಈಗಲಾದರೂ ನಂಬಲಿ ಎಂದು ನಮ್ಮ ಮಾವನವರಿಗೆ’ ಎಂಬ ಅರ್ಪಣೆಯ, ಇಟ್ಟಿಗೆಗಿಂತ ದಪ್ಪದ ಸಂಸಾರ ಕತೆ ಓದಿದಳು. ಮೂರನೇ ಪುಟದಲ್ಲಿ ಸತ್ತ ಅಜ್ಜ ಎಂಬತ್ತನೇ ಪುಟದಲ್ಲಿ ಕಾಫಿ ಕೇಳಿದಾಗ, ಪಾಪ, ಕೇಳಲಿ ಬಿಡು ಎಂದುಕೊಂಡಳು. ರಾಶಿ ಸೊಂಟದಿಂದ ತೊಡೆಗಿಳಿಯಿತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ತೆಳ್ಳನೆಯ ಪುಸ್ತಕವೊಂದು ತೆರೆದಳು. ರಕ್ಷಾಪುಟದಲ್ಲಿ ಒಗೆದ ಬಟ್ಟೆಯ ಹಗ್ಗ. ಮೊದಲ ಸಾಲು: ‘ಆಚೆ ದಡದಲ್ಲಿ ಇಳಿದವಳಿಗೆ ಮೊದಲು ಕಂಡದ್ದು ಇನ್ನೊಂದು ಕಿಟಕಿ, ಅದೂ ಮುಚ್ಚಿತ್ತು. ಕೆಲಸಕ್ಕೆ ರಜೆ ಹಾಕಿ ಕೆಲಸಕ್ಕೇ ಬಂದ ಹಾಗಾಯಿತು.’

ಅಕ್ಕ ಪುಸ್ತಕ ಮುಚ್ಚಿದಳು. ಒಳಗೆ ಹೋಗಿ ನೀರು ಕುಡಿದಳು. ಮತ್ತೆ ಬಂದು ಅದೇ ಸಾಲನ್ನು, ಈ ಸಲ ಗಟ್ಟಿಯಾಗಿ ಓದಿದಳು. ಅದೇ ದನಿ.

ಸಂಜೆಯೊಳಗೆ ಓದಿ ಮುಗಿಸಿದಳು. ಮೂರನೇ ಅಧ್ಯಾಯಕ್ಕೇ ಆ ಹೆಂಗಸು ಲಾಂಡ್ರಿ ಇಟ್ಟು ಆರು ಜನಕ್ಕೆ ಕೆಲಸ ಕೊಟ್ಟದ್ದು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು. ನುಂಗಿದಳು. ಇಷ್ಟು ಕಾಲ ಕಾದವರು ಅಳತೆಪಟ್ಟಿ ಹಿಡಿದು ಕೂರುವುದಿಲ್ಲ. ಕಾದದ್ದು ಬಂದಿದೆ, ಆ ದನಿಯೇ ಹೆಸರು ಬದಲಿಸಿಕೊಂಡು ಬಂದಿದೆ ಎಂದು ಬರೆದು ಕಳಿಸಿದಳು.

ಸಂಪಾದಕರು ಫೋನ್ ಮಾಡಿದರು. “ಖಾತ್ರಿ ಇದೆಯೇನ್ರೀ? ಬರೆದವರ ಹೆಸರು ಬೇರೆ ಇದೆಯಲ್ಲ.”

“ಹೆಸರು ಯಾರು ಬೇಕಾದ್ರೂ ಬದಲಾಯಿಸ್ಕೋಬಹುದು ಸಾರ್. ದನಿ ಬದಲಾಯಿಸ್ಕೊಳೋಕಾಗುತ್ತಾ?”

ಆ ಸಂತೋಷದಲ್ಲಿ ಅಕ್ಕ ಇನ್ನೊಂದು ಕೆಲಸ ಮಾಡಿದಳು. ಊರೂರು ಸುತ್ತುವ ಲೈಬ್ರರಿ ವ್ಯಾನಿನವರನ್ನು ಕರೆಸಿ ರಾಶಿಯನ್ನೆಲ್ಲ ಹೊರಿಸಿಬಿಟ್ಟಳು. ಹತ್ತು ಪುಟ ಓದಿದ್ದು, ಒಂದು ಪುಟವೂ ಓದದ್ದು, ಇನ್ನೂ ಬಿಚ್ಚದ ಪೊಟ್ಟಣ, ಎಲ್ಲವೂ ಹೋದವು. ತಮ್ಮನ ಹೆಂಡತಿ ಬರಿದಾದ ಮಂಚವನ್ನು ನೋಡಿ, “ಅತ್ತಿಗೆ, ಹುಷಾರಾಗಿದೀರಾ?” ಎಂದು ಹಣೆ ಮುಟ್ಟಿ ನೋಡಿದಳು.

ವಿಮರ್ಶೆ ಅಚ್ಚಾದ ಮೇಲೆ ಒಬ್ಬ ಅಂಗಡಿಗೆ ಬಂದ. ಅಕ್ಕ ಆಗ ಹಿರಿಯರೊಬ್ಬರ ಮೂಗಿನ ಮೇಲೆ ಗಾಜು ಬದಲಿಸಿ ನೋಡುವ ಲೋಹದ ಚೌಕಟ್ಟು ಕೂರಿಸುತ್ತಿದ್ದಳು. ಬಂದವನ ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು, ಕೈತುಂಬ ಗ್ರೀಸು.

“ಮೇಡಂ, ಲಿಫ್ಟ್ ರಿಪೇರಿ ಮಾಡ್ತೀನಿ ನಾನು.”

“ಇಲ್ಲಿ ಲಿಫ್ಟ್ ಇಲ್ಲವಲ್ಲ.”

“ಅದಕ್ಕಲ್ಲ. ಆ ಲಾಂಡ್ರಿ ಪುಸ್ತಕ... ಅದು ನಂದು.”

ಅಕ್ಕ ಅವನ ಮುಖ ನೋಡಿದಳು. ಮೂವತ್ತೂ ತುಂಬಿರಲಾರದು. ಟಿಕೆಟ್ ಕಿಟಕಿಯ ಕತೆ ಅಚ್ಚಾದಾಗ ಇವನು ಶಾಲೆಯ ಚೀಲ ಹೊತ್ತಿರಬೇಕು. ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದ.

“ಆ ಪ್ರಯಾಣಿಕ ನಾನಲ್ಲ ಮೇಡಂ.”

“ಮತ್ತೆ ಆ ದನಿ ಎಲ್ಲಿಂದ ತಂದ್ರಿ?”

“ನೀವೇ ಕೊಟ್ಟಿದ್ದು. ವಾರ ವಾರಾನೂ ಆ ಪುಸ್ತಕದ ಹೆಸರು ಎತ್ತುತ್ತೀರಲ್ಲ. ನಿಮಗೆ ಕಳಿಸೋರೆಲ್ಲ ಮೊದಲು ಅದನ್ನ ಓದ್ತಾರೆ. ಜೆರಾಕ್ಸ್ ಕೈಯಿಂದ ಕೈಗೆ ಓಡಾಡ್ತಾ ಇದೆ, ಪರೀಕ್ಷೆಗೆ ಗೈಡು ಇದ್ದ ಹಾಗೆ.” ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿದ. “ನಾನೂ ಗೈಡು ಅಂತಲೇ ಶುರು ಮಾಡಿದ್ದು. ಮುಗಿದ್ಮೇಲೆ ತಡ್ಕೊಳೋಕಾಗ್ಲಿಲ್ಲ. ಎರಡನೇ ಭಾಗ ಹುಡುಕಿದೆ, ಹುಡುಕಿದೆ, ಎಲ್ಲೂ ಇಲ್ಲ. ಸಿಗದಿದ್ರೆ ನಾನೇ ಬರ್ಕೋತೀನಿ ಅಂತ ಕೂತೆ.”

ಅಕ್ಕನಿಗೆ ವ್ಯಾನು ನೆನಪಾಯಿತು. ಬಿಚ್ಚದ ಆ ಪೊಟ್ಟಣಗಳು ಈಗ ಯಾವ ಊರಿನ ಯಾವ ಕಪಾಟಿನಲ್ಲಿವೆಯೋ. ನಿಜವಾದ ಎರಡನೇ ಭಾಗ ಅವುಗಳೊಳಗೆ ಇತ್ತೋ ಇಲ್ಲವೋ. ಬೈಯಬೇಕೆನಿಸಿತು, ಯಾರನ್ನೆಂದು ಮಾತ್ರ ತಿಳಿಯಲಿಲ್ಲ.

“ತಿದ್ದುಪಡಿ ಹಾಕಿಬಿಡಿ ಮೇಡಂ,” ಎಂದ ಅವನು. “ನಮ್ಮತ್ತೆ ನಿಮ್ಮ ವಿಮರ್ಶೆ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಾರೆ. ಮದುವೆಯಾದಾಗಿಂದ ಇದೇ ಮೊದಲು ನನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಆ ಮನೇಲಿ ಕಾಣಿಸಿರೋದು. ಅದೂ ನಂದಲ್ಲ. ನೀರು ಕುಡಿಯೋಕೆ ಹೋದಾಗೆಲ್ಲ ನಾಚಿಕೆ ಆಗುತ್ತೆ.”

“ಹಾಕ್ತೀನಿ,” ಎಂದಳು ಅಕ್ಕ. ಹಿರಿಯರ ಚೌಕಟ್ಟಿನ ಗಾಜು ತೆಗೆದಳು, ಒರೆಸಿದಳು, ಅದನ್ನೇ ಮತ್ತೆ ಹಾಕಿದಳು. “ಆದ್ರೆ ಒಂದು ಕೇಳ್ತೀನಿ ಕಣಪ್ಪ. ದೋಣಿ ಇಳಿದವಳು ಮೂರನೇ ಅಧ್ಯಾಯಕ್ಕೇ ಲಾಂಡ್ರಿ ಇಡ್ತಾಳಲ್ಲ, ಅದು ಹೇಗೆ?”

“ಧೈರ್ಯವಂತೆ ಅಲ್ವಾ ಮೇಡಂ.”

“ಧೈರ್ಯ ಎಲ್ಲಾ ಹತ್ತೋದ್ರಲ್ಲೇ ಖರ್ಚಾಗಿರುತ್ತೆ. ಇಳಿಯೋ ಹೊತ್ತಿಗೆ ಕೈ ಖಾಲಿ.”

“ಮತ್ತೆ ಏನ್ ಮಾಡ್ತಾಳೆ?”

“ಮೊದಲು ಒಂದು ದಿಂಬು ತಗೋಬೇಕು.”

“ದಿಂಬಾ?”

“ಹೊರಡುವಾಗ ಬಟ್ಟೆ, ಬಾಚಣಿಗೆ, ಸರ್ಟಿಫಿಕೇಟು, ಎಲ್ಲಾ ನೆನಪಾಗುತ್ತೆ. ದಿಂಬು ಹೊತ್ಕೊಂಡು ಬರೋರು ಯಾರೂ ಇಲ್ಲ. ಬಂದ ಮನೇಲಿ ಕೇಳೋಕೆ ಸಂಕೋಚ. ತೋಳು ಮಡಿಚ್ಕೊಂಡು ಮಲಗ್ತಾಳೆ, ಬೆಳಗ್ಗೆ ಕೈ ಮರಗಟ್ಟಿರುತ್ತೆ. ಹೀಗೇ ಒಂದಷ್ಟು ದಿನ. ಆಮೇಲೆ ಅಂಗಡಿಗೆ ಹೋಗ್ತಾಳೆ. ಅಂಗಡಿಯವನು ಮುಖಾನೂ ನೋಡ್ದೆ, ಜೋಡಿನಾ ಅಂತಾನೆ. ಒಂದೇ ಸಾಕು ಅನ್ಬೇಕು. ಅಷ್ಟು ಹೇಳೋಕೆ ಬಾಯಿ ಬರಲ್ಲ. ಜೋಡಿನೇ ತಗೊಂಡು ಬರ್ತಾಳೆ.”

ಲಿಫ್ಟ್ ರಿಪೇರಿಯವನು ಜೇಬಿನ ಸ್ಕ್ರೂಡ್ರೈವರನ್ನು ತೆಗೆದು, ನೋಡಿ, ಮತ್ತೆ ಜೇಬಿಗಿಟ್ಟ.

“ಆಮೇಲೆ?”

ಕೇಳಿದ್ದು ಅವನಲ್ಲ, ಕುರ್ಚಿಯ ಮೇಲಿನ ಹಿರಿಯರು. ಚೌಕಟ್ಟಿನ ಒಂದು ಕಡೆ ಗಾಜು, ಇನ್ನೊಂದು ಕಡೆ ಕಪ್ಪು ಮುಚ್ಚಳ. ಆ ಒಂದೇ ಕಣ್ಣು ಅಕ್ಷರದ ಪಟವನ್ನು ಬಿಟ್ಟು ಅಕ್ಕನನ್ನೇ ನೋಡುತ್ತಿತ್ತು. “ಹೇಳಮ್ಮ, ಆ ಇನ್ನೊಂದು ದಿಂಬು ಏನ್ ಮಾಡಿದ್ಲು?”

“ಗೊತ್ತಿಲ್ಲ,” ಎಂದಳು ಅಕ್ಕ. ಕಪ್ಪು ಮುಚ್ಚಳ ತೆಗೆದು ಆ ಕಡೆಗೂ ಗಾಜು ಕೂರಿಸಿದಳು. “ಅಲ್ಲಿಂದ ಮುಂದಿಂದು ಆ ಪ್ರಯಾಣಿಕ ಬರೀಬೇಕಾಗಿತ್ತು. ಅದಕ್ಕೇ ನಾನು ಕಾದಿದ್ದು.”

ಲಿಫ್ಟ್ ರಿಪೇರಿಯವನು ಹೊರಡುತ್ತೇನೆ ಎನ್ನಲಿಲ್ಲ. ಗೋಡೆಯ ಹತ್ತಿರದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು, ಅವಳ ಕೆಲಸ ಮುಗಿಯಲಿ ಎಂದು ಕೂತ.