ನಾಲ್ಕನೇ ತಟ್ಟೆ

ನಾನು ಬರೆದ ಯುದ್ಧದಲ್ಲಿ ನಮ್ಮಮ್ಮ ಒಂಬತ್ತೇ ದಿನಕ್ಕೆ ಇಡೀ ಮನೆಯನ್ನು ಉಪವಾಸ ಕೆಡವಿ ಸಾಯಿಸಿಬಿಟ್ಟಳು. ಅದೂ ಮೂರು ಸಲ.

ಯುದ್ಧ ಅಂದರೆ ವಿಡಿಯೋ ಗೇಮ್. ಹೆಸರು ‘ಮುತ್ತಿಗೆ’. ನಾನು, ರಜನೀಶ್ ಮತ್ತೆ ಇನ್ನಿಬ್ಬರು ಸೇರಿ ಹಾಸನದ ಒಂದು ಮಹಡಿ ಕೋಣೆಯಲ್ಲಿ ಕೂತು ಮಾಡಿದ್ದು. ಆಡುವವರ ಕೈಗೆ ಬಂದೂಕು ಕೊಡುವುದಿಲ್ಲ. ಸುತ್ತ ಸೈನ್ಯ ನಿಂತಿರುವ ಊರಲ್ಲಿ ಸಿಕ್ಕಿಕೊಂಡ ಒಂದು ಮನೆಯವರನ್ನು, ಇದ್ದಷ್ಟು ಅಕ್ಕಿ, ನೀರು, ಸೌದೆಯಲ್ಲಿ ಮೂವತ್ತು ದಿನ ಬದುಕಿಸಬೇಕು, ಅಷ್ಟೆ. “ಗುಂಡು ಹೊಡೆಯೋಕೇ ಇಲ್ವಾ?” ಅಂತ ಮೂಗು ಮುರಿದವರೇ ಹೆಚ್ಚು. ಆದರೂ ಒಂದಷ್ಟು ಜನ ಹಚ್ಚಿಕೊಂಡರು, ಇನ್ನೊಂದು ಕತೆ ಸೇರಿಸಿ ಅಂತ ದುಂಬಾಲು ಬಿದ್ದರು. ಆ ಹೊಸ ಕತೆ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಒಬ್ಬ ತಾಯಿ, ಅವಳ ಅತ್ತೆ, ಒಂದು ಹೆಣ್ಣುಮಗು. ಗಂಡ ನೀರು ತರಲು ಹೋದವನು ಬಂದಿಲ್ಲ. ಊಟದ ಹೊತ್ತಿಗೆ ಪರದೆಯ ಮೇಲೆ ನಾಲ್ಕು ತಟ್ಟೆ ಬರುತ್ತವೆ. ನಾಲ್ಕನೆಯದಕ್ಕೂ ಬಡಿಸಿದರೆ ಆ ಅನ್ನ ಹಳಸುತ್ತದೆ, ಉಳಿದವರ ಹೊಟ್ಟೆಗೆ ಕಡಿಮೆ ಬೀಳುತ್ತದೆ. “ಬುದ್ಧಿ ಇರೋರು ಮೂರನೇ ದಿನಕ್ಕೆ ಆ ತಟ್ಟೆ ಎತ್ತಿಡ್ತಾರೆ,” ಅಂದಿದ್ದ ರಜನೀಶ್. ಗೇಮಿನ ಗಂಧಗಾಳಿ ಇಲ್ಲದವರ ಕೈಲಿ ಆಡಿಸಿ ನೋಡೋಣ ಎಂದು ಅಮ್ಮನಿಗೆ ಟ್ಯಾಬ್ ಕೊಟ್ಟೆ. ನಿಜ ಹೇಳಬೇಕೆಂದರೆ, ಅದಕ್ಕೆ ಬೇರೆ ಕಾರಣವೂ ಇತ್ತು.

ನಮ್ಮಪ್ಪ ಮೋಹನ್‌ಕುಮಾರ್ ಲಗೇಜ್ ಆಟೋ ಓಡಿಸುತ್ತಿದ್ದರು. ಏಳು ವರ್ಷದ ಹಿಂದೆ ಕೊಣನೂರು ಸಂತೆಗೆ ಆಲೂಗಡ್ಡೆ ಮೂಟೆ ಇಳಿಸಲು ಹೋದವರು ವಾಪಸ್ ಬರಲಿಲ್ಲ. ಗಾಡಿ ಹೊಳೆ ದಡದಲ್ಲಿ ಸಿಕ್ಕಿತು. ಒಳಗೆ ಚಪ್ಪಲಿ, ಮಡಿಸಿಟ್ಟ ಅಂಗಿ. ಈಜುಗಾರರು ವಾರವಿಡೀ ಹುಡುಕಿದರೂ ಅಪ್ಪ ಸಿಗಲಿಲ್ಲ. ಏನಾಗಿದೆ ಅಂತ ಊರಿಗೆಲ್ಲ ಗೊತ್ತು. ಅಮ್ಮನಿಗೆ ಮಾತ್ರ ಗೊತ್ತಾಗುವುದು ಬೇಕಿಲ್ಲ. ಪ್ರತಿ ಮಹಾಲಯ ಅಮಾವಾಸ್ಯೆಗೆ ಹರದನಹಳ್ಳಿಯ ದೊಡ್ಡಪ್ಪ ಪುಟ್ಟರಾಜು ಅವರ ಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ. ಅಪ್ಪನ ಹೆಸರಲ್ಲಿ ಎಲೆ ಹಾಕಲು ಅಮ್ಮ ಬಿಟ್ಟಿರಲಿಲ್ಲ. “ಬದುಕಿರೋರ್ಗೆ ಎಡೆ ಇಕ್ತೀರಾ ಭಾವ?” ಅಂದರೆ ದೊಡ್ಡಪ್ಪ ತೆಗೆದ ಎಲೆಯನ್ನು ವಾಪಸ್ ಇಡುತ್ತಿದ್ದರು.

ಈ ಸಲ ಅಮ್ಮನನ್ನು ಒಪ್ಪಿಸುತ್ತೇನೆಂದು ನಾನೇ ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದಾಗಲೆಲ್ಲ ಅವಳ ಮುಖ ಅರಳಿ ಬಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಅಪ್ಪ ನನಗೂ ಬೇಕು. ಆದರೆ ಕಾಯುವುದಕ್ಕೂ ಒಂದು ಕೊನೆ ಬೇಡವೇ? ಗೇಮಿನಲ್ಲಾದರೂ ಒಂದು ತಟ್ಟೆ ಎತ್ತಿಡುವುದನ್ನು ಕಲಿಯಲಿ ಎಂಬ ಕಳ್ಳಬುದ್ಧಿ ನನ್ನದು.

ಅಮ್ಮ ಅಡುಗೆಮನೆಯ ನೆಲದಲ್ಲಿ ಕೂತು, ಅರಿಶಿನದ ಬೆರಳಲ್ಲೇ ಆಡಿದಳು. ಪ್ರತಿ ಸಲವೂ ಮೊದಲು ಬಡಿಸಿದ್ದು ನಾಲ್ಕನೇ ತಟ್ಟೆಗೆ.

“ಅಮ್ಮ, ಅವನು ಅಲ್ಲಿಲ್ಲ. ಮಗೂಗೆ ಹಾಕು.”

“ನೀರಿಗೋಗವ್ನೆ, ಬತ್ತಾನೆ. ಬಂದೋನ್ಗೆ ಬರೀ ತಟ್ಟೆ ತೋರ್ಸಕಾಯ್ತದಾ?”

“ಬರಲ್ಲ ಕಣಮ್ಮ!”

“ನಿಂಗೇನ್ ಗೊತ್ತು?”

“ಬರೆದೋಳೇ ನಾನು!”

ಅಮ್ಮ ತಲೆಯೆತ್ತಿ ನನ್ನನ್ನೇ ನೋಡಿದಳು. “ಅಂಗಾದ್ರೆ ಬರಂಗೆ ಬರಿಯವ್ವ. ನಿನ್ ಕೈಲೇ ಅದಲ್ಲ,” ಅಂದಳು.

ಆಗಲಿ, ಬರುವ ಹಾಗೇ ಬರೆಯೋಣ ಎಂದು ಎರಡು ದಿನ ಕೂತೆ. ಅವನು ಕೊಡ ಹೊತ್ತು ಬರುತ್ತಾನೆ. ಬಂದು ಏನನ್ನುತ್ತಾನೆ? ಅಪ್ಪ ಸಂತೆಯಿಂದ ಬಂದಾಗ ಏನನ್ನುತ್ತಿದ್ದರು ಎಂದು ನೆನೆಸಿಕೊಳ್ಳಲು ಹೋದೆ. ಮಾತು ನೆನಪಾಯಿತು, ದನಿ ಬರಲೇ ಇಲ್ಲ. ಗಾಡಿಯ ಹಾರನ್ ಈಗಲೂ ಕಿವಿಯಲ್ಲಿದೆ, ಅಪ್ಪನ ದನಿ ಇಲ್ಲ. ನನ್ನ ಮೇಲೇ ಸಿಟ್ಟು ಬಂದು ಅತ್ತುಬಿಟ್ಟೆ. ಕತೆ ಇದ್ದ ಹಾಗೇ ಇರಲಿ ಎಂದು ರಜನೀಶನಿಗೆ ಹೇಳಿದೆ.

ಆ ಭಾನುವಾರ ಅಮ್ಮ ತಾನಾಗಿಯೇ ಟ್ಯಾಬ್ ಕೇಳಿ ಈಸಿಕೊಂಡಳು. ನಾನು ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಹಿಂದಿನ ಸಲಗಳಲ್ಲಿ ಅಕ್ಷರ ಬಂದರೆ ಓದದೆ ಮುಂದಕ್ಕೆ ತಳ್ಳಿದ್ದವಳು, ಈ ಸಲ ಬೆರಳಿಟ್ಟು ಒಂದೊಂದೇ ಓದುತ್ತಿದ್ದಳು. ಐದನೇ ದಿನದ ಊಟಕ್ಕೆ ಆ ಮಗು ಹೇಳುವ ಮಾತೊಂದಿದೆ: ‘ಅಮ್ಮಾ, ನಂಗೆ ಹಸಿವಿಲ್ಲ.’

ಅಮ್ಮನ ಬೆರಳು ಅಲ್ಲೇ ನಿಂತಿತು. “ಸುಳ್ಳೇಳ್ತಾ ಅದೆ ಈ ಮಗ,” ಅಂದಳು.

ನಾನು ಇನ್ನೊಂದು ಎಸಳು ಕೈಗೆತ್ತಿಕೊಂಡೆ.

“ನೀನೂ ಇಂಗೇ ಅಂತಿದ್ದೆ. ಗಾಡಿ ಒಂದೇ ಸಿಕ್ಕಿದ್ ವರ್ಷ, ಅಕ್ಕಿ ಸಾಲ್ದಿದ್ರೂ ನಾನು ನಿಮ್ಮಪ್ಪನ ಪಾಲು ಮುಚ್ಚಿಟ್ಟು ಕಾಯ್ತಿದ್ದಾಗ.”

“ಹಳೇದು ಬಿಡಮ್ಮ.”

“ನಿಂಗೆ ಅಸಿವಿತ್ತಾ?”

ಇಲ್ಲ ಅನ್ನೋಣ ಎಂದುಕೊಂಡೆ. ಆದರೆ ಬಾಯಿಗೆ ಬಂದದ್ದು, “ಇತ್ತು.”

ಅಮ್ಮ ನಾಲ್ಕನೇ ತಟ್ಟೆಯ ಅನ್ನವನ್ನು ಮಗುವಿನ ತಟ್ಟೆಗೆ ಸರಿಸಿದಳು. ಸಂಜೆಯೊಳಗೆ ಮೂವತ್ತು ದಿನ ಮುಗಿದವು, ಮೂವರೂ ಉಳಿದರು. ಅವಳು ಟ್ಯಾಬ್ ಒರೆಸಿ ಕೊಡುತ್ತಾ, “ದೊಡ್ಡಪ್ಪಂಗೆ ಫೋನ್ ಮಾಡವ್ವ. ಈ ಸಲ ನಿಮ್ಮಪ್ಪಂಗೂ ಒಂದೆಲೆ ಆಕ್ಲಿ,” ಅಂದಳು. ನನಗೆ ಬೇಕಾಗಿದ್ದೂ ಅದೇ. ಆದರೆ ಕೇಳಿದ ಮೇಲೆ ಹೊಳೆಯಿತು: ಇಷ್ಟು ದಿನ ಅಪ್ಪನಿಗಾಗಿ ನನ್ನ ಪಾಲಿಗೂ ಸೇರಿಸಿ ಅವಳೊಬ್ಬಳೇ ಕಾಯುತ್ತಿದ್ದಳು, ಅದಕ್ಕೇ ನಾನು ಆರಾಮಾಗಿ ಸಾಕು ಸಾಕು ಅಂತಿದ್ದೆ.

ಅಮಾವಾಸ್ಯೆಯ ಮಧ್ಯಾಹ್ನ ಹರದನಹಳ್ಳಿಯಲ್ಲಿ ಅಪ್ಪನ ಎಲೆಗೆ ಅಮ್ಮನೇ ಬಡಿಸಿದಳು. ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಧೂಪ ಹಾಕಿ ಕೈಮುಗಿದು ಎಲ್ಲರೂ ಹೊರಗೆ ಬಂದೆವು. ಹಿರಿಯರು ಬಂದು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ನಮ್ಮಲ್ಲಿ ಪದ್ಧತಿ. ಕೊನೆಗೆ ಹೊರಬಂದವಳು ನಾನಾದ್ದರಿಂದ ಬಾಗಿಲೆಳೆದು ಚಿಲಕ ಹಾಕಿದವಳೂ ನಾನೇ.

ಎಲ್ಲರೂ ಜಗುಲಿಯಲ್ಲಿ ಕೂತೆವು. ದೊಡ್ಡಪ್ಪ ಒಂದು ಸಲ ಕೆಮ್ಮಿದರು, ಆಮೇಲೆ, “ಸಾಕು, ಬಾಗ್ಲು ತಗಿ ನಿಸರ್ಗ. ಐಕ್ಳು ಅಸ್ಕೊಂಡವೆ,” ಅಂದರು.

ಚಿಲಕದ ಮೇಲೆ ಕೈಯಿಟ್ಟೆ. ತೆಗೆದರೆ ಎಲೆ ಇಟ್ಟ ಹಾಗೇ ಇರುತ್ತದೆ, ಮುದ್ದೆ ಮುರಿದಿರುವುದಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು.

“ಇನ್ನೊಂದ್ ಸ್ವಲ್ಪ ಇರಿ ದೊಡ್ಡಪ್ಪ,” ಅಂದೆ. “ಅಪ್ಪ ಉಣ್ಣೋದು ನಿಧಾನ.”